ಮೂರು ಕಾಲಿನ ಓಟಕ್ಕೆ ಅಣ್ಣ ನಡೆಯುವುದಿಲ್ಲ

ನಮ್ಮ ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಕರೆಯುವ ಹೆಸರಿನಿಂದ ತಿಳಿಯಹೊರಟವರಿಗೆ ತಲೆ ಕೆಡುವುದು ಖಂಡಿತ. ನನ್ನ ತಂದೆಗೆ ನಾಲ್ಕು ಜನ ತಮ್ಮ-ತಂಗಿಯರು. ಅವರೆಲ್ಲ ಅವನನ್ನು ‘ಅಣ್ಣಾ’ ಎನ್ನುತ್ತಿದ್ದರು. ಅದನ್ನೇ ಕೇಳಿ ಕೇಳಿ ನಾನೂ ‘ಅಣ್ಣಾ’ ಎಂದೆ. ತಾಯಿಯನ್ನು ಅವರು ಅತ್ತಿಗೆ ಎಂಬ ಅರ್ಥದಲ್ಲಿ ‘ವೈನಿ’ ಎಂದರೆ ನನಗೂ ಆಕೆ ವೈನಿಯೇ. ‘ಅಪ್ಪಾ’ ಎಂದು ಕರೆಸಿಕೊಳ್ಳುತ್ತಿದ್ದವನು ಅಜ್ಜನೊಬ್ಬನೇ, ತನ್ನ ಐದೂ ಮಕ್ಕಳಿಂದ. ಧಾರವಾಡದಲ್ಲಿ ಇಂಥ ಮನೆಗಳು ಓಣಿಗೆ ಹತ್ತು ಸಿಗುತ್ತಿದ್ದವು, ಹಾಗಾಗಿ ಯಾರಿಗೂ ಇದು ವಿಚಿತ್ರ ಅನ್ನಿಸುತ್ತಿರಲಿಲ್ಲ.

ಇದಕ್ಕಿಂತ ಸಿಟ್ಟು ಬರಿಸುತ್ತಿದ್ದ ಪದ್ಧತಿ ಇನ್ನೊಂದಿತ್ತು. ಹಿರಿಯರ ಎದುರಿಗೆ ತನ್ನ ಕೂಸನ್ನು ತಾನು ಎತ್ತಿಕೊಳ್ಳಬಾರದು, ಮುದ್ದು ಮಾಡಬಾರದು. ಯಾವ ಪುಣ್ಯಾತ್ಮ ಮಾಡಿದ ಕಾನೂನೋ! ಅಜ್ಜ ಪಡಸಾಲೆಯಲ್ಲಿ ಕೂತಿದ್ದರೆ ಅಣ್ಣ ನನ್ನನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅಜ್ಜನೋ, ಊಟಕ್ಕೆ ಬಿಟ್ಟರೆ ಪಡಸಾಲೆಯಿಂದ ಏಳುತ್ತಲೇ ಇರಲಿಲ್ಲ. ಅದೇ ಅಣ್ಣ ಬಾಜೂ ಮನೆಯ ಹುಡುಗಿಯನ್ನು ಹೆಗಲ ಮೇಲೆ ಕೂಡಿಸಿಕೊಂಡು ಓಣಿಯೆಲ್ಲ ಸುತ್ತಿಸುತ್ತಿದ್ದ. ಮನೆಗೆ ಮಾರಿ, ಊರಿಗೆ ಉಪಕಾರಿ. ನಾನು ಕಟ್ಟೆಯ ಮೇಲೆ ಕೂತು ಆ ಹುಡುಗಿಗೆ ಶಾಪ ಹಾಕುತ್ತಿದ್ದೆ.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ನಮ್ಮ ಕನ್ನಡ ಶಾಲೆಗೆ ಹೊಸ ಹೆಡ್‌ಮಾಸ್ತರರು ಬದಲಿಯಾಗಿ ಬಂದರು. ಬಹಳ ಹುರುಪಿನ ಮನುಷ್ಯ. ಯುಗಾದಿಯ ಮರು ರವಿವಾರ ‘ಪಾಲಕರ ದಿನ’ ಎಂದು ಸಾರಿಬಿಟ್ಟರು. ಪರೀಕ್ಷೆ ತಲೆಯ ಮೇಲಿದ್ದರೂ ನಾವು ಮಗ್ಗಿ ಬಿಟ್ಟು ಮೈದಾನದ ಕಲ್ಲು ಆರಿಸಿದೆವು, ಬೇವಿನ ಹೂ ಗುಡಿಸಿದೆವು. ಗುಡಿಸಿದಷ್ಟೂ ಉದುರುತ್ತಿದ್ದವು, ಬೈಸಿಕೊಂಡವರು ನಾವು. ಕೊನೆಯ ಆಟ ಮೂರು ಕಾಲಿನ ಓಟ. ಮಗುವಿನ ಒಂದು ಕಾಲನ್ನು ದಸ್ತಿಯಿಂದ, ಅಂದರೆ ಕರವಸ್ತ್ರದಿಂದ, ತಂದೆಯ ಕಾಲಿಗೆ ಕಟ್ಟಿ ಇಬ್ಬರನ್ನೂ ಓಡಿಸುವುದು. ಇದನ್ನು ಕೇಳಿದ ದಿನದಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಕಾಲಿಗೆ ಕಾಲು ಕಟ್ಟಿದ ಮೇಲೆ ಅಣ್ಣ ಎಲ್ಲಿಗೆ ತಪ್ಪಿಸಿಕೊಂಡು ಹೋಗುತ್ತಾನೆ? ಎಲ್ಲರೂ ನೋಡುವ ಹಾಗೆ ಅವನು ನನ್ನ ಜೊತೆ ಓಡಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ, ಬಹುಮಾನದ ಪೆನ್ಸಿಲ್ಲಲ್ಲ.

ರವಿವಾರ ಅಣ್ಣನಿಗೆ ಹುಬ್ಬಳ್ಳಿಯ ಆಫೀಸು ಇರಲಿಲ್ಲ. ಅವನೊಬ್ಬನನ್ನೇ ಕರೆದೊಯ್ಯಬೇಕೆಂದು ನಾನು ಹಾಕಿದ ಹಂಚಿಕೆಯನ್ನು ಮನೆಮಂದಿ ಮಣ್ಣುಪಾಲು ಮಾಡಿದರು.

“ಸಾಲ್ಯಾಗ ಹೆಸರು ಹಚ್ಚಿದಾಂವ ನಾನು. ಪಾಲಕ ಅಂದ್ರ ನಾನ ಅಲ್ಲೇನು?” ಎಂದು ಅಜ್ಜ ಕೋಟು ತೊಟ್ಟ. ಅಜ್ಜ ಹೊರಟ ಮೇಲೆ ಅಜ್ಜಿ ಬಿಟ್ಟಾಳೆಯೇ? ಡಬ್ಬಿ ತುಂಬ ಚುರಮುರಿ ಕಟ್ಟಿಕೊಂಡಳು, ಜಾತ್ರೆಗೆ ಹೊರಟವರಂತೆ. ವೈನಿ ಮಾತ್ರ ಒಲೆ ಬಿಟ್ಟು ಬರುವಂತಿರಲಿಲ್ಲ. ಅಣ್ಣ ಎಲ್ಲರಿಗಿಂತ ಹತ್ತು ಹೆಜ್ಜೆ ಹಿಂದೆ, ಕರೆಯದ ಮದುವೆಗೆ ಹೊರಟವನ ಹಾಗೆ ಬಂದ.

ಮೈದಾನದಲ್ಲಿ ಅಜ್ಜ ಮುಂದಿನ ಸಾಲಿನ ಕುರ್ಚಿ ಹಿಡಿದ. ಅವನಿಗೆ ಕಿವಿ ಮಂದ, ಮೆಲ್ಲಗೆ ಆಡಿದ ಮಾತು ಕೇಳುತ್ತಿರಲಿಲ್ಲ. ಅಣ್ಣ ಅವನ ಹಿಂದೆ ಕೈಕಟ್ಟಿ ನಿಂತ. ಹೆಡ್‌ಮಾಸ್ತರರು ರಜಿಸ್ಟರು ನೋಡಿ ಓಟದ ಹೆಸರು ಓದಿದರು. ನನ್ನ ಸರದಿಗೆ, ಪಾಲಕರ ಕಾಲಮ್ಮಿನಲ್ಲಿದ್ದ ಅಜ್ಜನ ಹೆಸರು ಕೂಗಿದರು. ಅಜ್ಜ ಕೂತಲ್ಲಿಂದಲೇ ಕೈ ಎತ್ತಿದ. ನಾನು ಓಡಿಹೋಗಿ ಅಣ್ಣನ ಕೈ ಹಿಡಿದು ಜಗ್ಗಿದೆ.

“ಅಣ್ಣಾ, ಬಾ! ಲಗೂ ಬಾ!”

ಹೆಡ್‌ಮಾಸ್ತರರು ಬಾಯಿಂದ ಸೀಟಿ ತೆಗೆದರು. “ಏ ತಂಗೀ, ಅಣ್ಣಗೋಳು ನಡಿಯೂದಿಲ್ಲ. ತಂದೀನ ಬೇಕು.”

“ಇಂವನ ರೀ ನಮ್ಮ ತಂದಿ!”

“ಈಗರ ಅಣ್ಣಾ ಅಂದಿಯಲ್ಲ?” ಸುತ್ತಲಿನವರು ನಕ್ಕರು. ಹೆಡ್‌ಮಾಸ್ತರರು ಅಣ್ಣನ ಕಡೆ ತಿರುಗಿದರು. “ನೀವ ಹೇಳ್ರಿ. ನೀವು ಯಾರು?”

ಅಣ್ಣ ಅಜ್ಜನನ್ನು ನೋಡಿದ. ‘ಇಕಿ ನನ್ನ ಮಗಳು’ ಎಂದಿದ್ದರೆ ಸಾಕಿತ್ತು. ಮೂರೇ ಶಬ್ದ. ಆದರೆ ಹಿರಿಯರ ಎದುರಿಗೆ ಅವನ್ನೂ ಆಡಬಾರದಲ್ಲ.

“ನಾ... ಇವರ ಹಿರೇ ಮಗಾರೀ,” ಎಂದು ಅಜ್ಜನನ್ನು ತೋರಿಸಿದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ!

“ಮುಗೀತಲ್ಲ. ಅವರು ತಂದಿ, ನೀವು ಅಣ್ಣ,” ಎಂದರು ಹೆಡ್‌ಮಾಸ್ತರರು. ಅರವತ್ತು ದಾಟಿದವನಿಗೆ ಎಂಟು ವರ್ಷದ ಮಗಳಿರುವುದು ಆ ಕಾಲಕ್ಕೆ ಸೋಜಿಗವೇನಲ್ಲ. ತಪ್ಪು ತಿದ್ದಬಹುದಾಗಿದ್ದ ಅಜ್ಜಿ ಮಂದಿಗೆ ಚುರಮುರಿ ಹಂಚುವುದರಲ್ಲಿ ಮುಳುಗಿದ್ದಳು.

ನನ್ನ ಮೈಯೆಲ್ಲ ಉರಿಯಿತು. ಗೆರೆಯ ಮೇಲೆ ಎಲ್ಲರೂ ಜೋಡಿ ಜೋಡಿಯಾಗಿ ನಿಂತಿದ್ದರು. ನಾನೊಬ್ಬಳೇ ಒಂದು ಕಾಲಿಗೆ ದಸ್ತಿ ಸುತ್ತಿಕೊಂಡು ಒಂಟಿ. ಈ ಮನುಷ್ಯ ಹೇಳದಿದ್ದರೆ ಬೇಡ, ನಾನೇ ಹೇಳುತ್ತೇನೆ ಎಂದು, ಜೀವನದಲ್ಲಿ ಮೊದಲ ಸಲ, ಇದ್ದ ಉಸಿರೆಲ್ಲ ಕೂಡಿಸಿ ಕೂಗಿದೆ.

“ಅಪ್ಪಾ!”

“ಏನೋ?” ಎಂದು ತಿರುಗಿದವನು ಅಜ್ಜ. ಅಣ್ಣ ನನ್ನ ಕಡೆ ನೋಡಲೇ ಇಲ್ಲ. ಆ ಶಬ್ದ ಕಿವಿಗೆ ಬಿದ್ದೊಡನೆ, ಹುಟ್ಟಿದಾಗಿನ ರೂಢಿಯಂತೆ, ಅವನೂ ಅಜ್ಜನನ್ನೇ ನೋಡಿದ.

“ನೋಡ್ರಿ, ಹುಡುಗೀನ ಹೇಳಿತು,” ಎಂದು ಹೆಡ್‌ಮಾಸ್ತರರು ಸೀಟಿ ಊದಿದರು. ಜೋಡಿಗಳು ಕುಂಟುತ್ತ ಓಡಿದವು. ನಾನು ನಿಂತಲ್ಲೇ ಅಳತೊಡಗಿದೆ. ದುಃಖಕ್ಕಲ್ಲ, ಸಿಟ್ಟಿಗೆ. ಇಂಥ ಮನೆಯಲ್ಲಿ ಯಾಕಾದರೂ ಹುಟ್ಟಿದೆನೋ ಅನ್ನಿಸಿತು.

ಅಜ್ಜ ನನ್ನನ್ನು ನೋಡಿದ. ಕಾಲಿನ ದಸ್ತಿಯನ್ನು ನೋಡಿದ. ಹಿಂದೆ ತಲೆ ತಗ್ಗಿಸಿ ನಿಂತ ಮಗನನ್ನು ನೋಡಿದ. ಅವನಿಗೆ ಎಷ್ಟು ತಿಳಿಯಿತೋ ಕಾಣೆ.

“ಲೇ, ನನ್ನಲ್ಲೋ. ಅಕಿ ನಿನ್ನ ಕರ್ಯಾಕತ್ತಾಳ,” ಎಂದ. ಅಷ್ಟು ಹೇಳಿ ಎದ್ದು, ಕುರ್ಚಿಯನ್ನು ಕರಕರ ಎಳೆದು, ಮೈದಾನಕ್ಕೆ ಬೆನ್ನು ಮಾಡಿ ಶಾಲೆಯ ಗೋಡೆಯ ಕಡೆ ಮುಖ ಹಾಕಿ ಕೂತ.

ಅಣ್ಣ ಬಂದು ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ದಸ್ತಿ ಕಟ್ಟತೊಡಗಿದ. ಗಂಟು ಎರಡು ಸಲ ಬಿಚ್ಚಿಹೋಯಿತು. ಅಷ್ಟರಲ್ಲಿ ಆಚೆ ತುದಿಯಲ್ಲಿ ಯಾರಿಗೋ ಪೆನ್ಸಿಲ್ ಕೊಟ್ಟು ಚಪ್ಪಾಳೆಯೂ ಮುಗಿದಿತ್ತು.

“ಓಟ ಮುಗದ ಹೋತಲ್ಲೋ ಅಣ್ಣಾ!” ಎಂದು ನಾನು ಚೀರಿದೆ.

“ಮುಗೀಲಿ. ನಡಿ.”

ಖಾಲಿ ಮೈದಾನದಲ್ಲಿ ಇಬ್ಬರೇ ಹೊರಟೆವು. ಅವನ ಹೆಜ್ಜೆ ದೊಡ್ಡದು, ನನ್ನದು ಸಣ್ಣದು. ಆ ತುದಿ ಮುಟ್ಟುವುದರೊಳಗೆ ಮೂರು ಸಲ ಬಿದ್ದೆವು. ಪ್ರತಿ ಸಲ ನನ್ನನ್ನು ಎಬ್ಬಿಸುವಾಗಲೂ ಅಣ್ಣ ಹೆದರಿ ಹಿಂತಿರುಗಿ ನೋಡಿದ. ಪ್ರತಿ ಸಲವೂ ಅಜ್ಜ, ಆ ಬೋಳು ಗೋಡೆಯ ಮೇಲೆ ಏನೋ ಬರೆದಿದೆಯೆಂಬಂತೆ, ಅದನ್ನೇ ನೋಡುತ್ತ ಕೂತಿದ್ದ.