ಹತ್ತು ಬಾಯಿಯ ಒಂದು ಮಾತು

ಶಿವರಾತ್ರಿಯ ಈ ಕಾಲದಲ್ಲಿ ಹಿಂದೂಪುರದಲ್ಲಿ ಬಸ್ಸಿಳಿದರೆ ಮೊದಲು ಎದುರಾಗುವುದು ಹುಣಸೆಹಣ್ಣಿನ ವಾಸನೆ. ನಿಮಗೆ ಬಾಯಲ್ಲಿ ನೀರೂರಬಹುದು. ನನಗೆ ಆಗಿಬರುವುದಿಲ್ಲ. ಮೊನ್ನೆಯೂ ಹಾಗೇ ಆಯಿತು. ಬಗಲಲ್ಲಿ ಲ್ಯಾಪ್‌ಟಾಪು, ಮುಖದಲ್ಲಿ ಸಂಶೋಧಕನ ಗತ್ತು, ಮೂಗಿಗೆ ಕರ್ಚೀಫು.

ನನ್ನ ಕಸುಬು ಕೇಳಿದರೆ ನಗುತ್ತೀರಿ. ಜನರ ಅಭಿಪ್ರಾಯ ಒಬ್ಬರಿಂದ ಒಬ್ಬರಿಗೆ ಹೇಗೆ ಹಬ್ಬುತ್ತದೆಂದು ಲೆಕ್ಕ ಹಾಕುವುದು. ಪರದೆಯ ಮೇಲಿನ ಒಂದೊಂದು ಚುಕ್ಕಿಯೂ ಒಬ್ಬೊಬ್ಬ ಮನುಷ್ಯ. ಪರಿಚಯವಿದ್ದವರ ನಡುವೆ ಗೆರೆ. ಪ್ರತಿ ಸುತ್ತಿನಲ್ಲೂ ಚುಕ್ಕಿ ತನ್ನ ನಂಬಿಕೆಗೆ ನೆರೆಯವರದನ್ನು ಬೆರೆಸಿ ಸರಾಸರಿ ತೆಗೆದುಕೊಳ್ಳುತ್ತದೆ. ನೆರೆಯವನಿಗೆ ಅದು ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಹಾಗಾಗಿ ಒಂದೇ ಮಾತು ಸುತ್ತಿ ಬಂದು ಹತ್ತು ಮಾತಾಗುತ್ತದೆ. ಇದಕ್ಕೆ ನನಗೆ ಡಾಕ್ಟರೇಟ್ ಕೊಟ್ಟರು. ನಮ್ಮ ಬೀದಿಯವರು ಇದನ್ನು ಪುಕ್ಕಟೆಯಾಗಿ ಮಾಡಿ ತೋರಿಸಿದ್ದರು.

ನಾನಿನ್ನೂ ಶಾಲೆಗೆ ಹೋಗುತ್ತಿದ್ದಾಗ ನಮ್ಮಕ್ಕನಿಗೆ ಕಲ್ಯಾಣದುರ್ಗದ ಸಂಬಂಧ ಕುದುರಿತ್ತು. ಹುಡುಗ ಒಪ್ಪಿದ್ದ, ಅಕ್ಕನೂ ಅವನನ್ನು ಮೆಚ್ಚಿದ್ದಳು. ಶಿವರಾತ್ರಿಯ ಉಪವಾಸ, ಜಾಗರಣೆ ಮುಗಿದ ಮರುದಿನ ಏನೂ ತಿನ್ನದೆ ಪಕ್ಕದ ಮನೆಯಂಗಳಕ್ಕೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯಲು ಹೋದವಳು ಬಿಸಿಲಿಗೆ ತಲೆಸುತ್ತಿ ಬಿದ್ದಳು. ನೀರು ಚಿಮುಕಿಸಿದೊಡನೆ ಎದ್ದು ಕೂತು, ನಾಚಿ ನಕ್ಕಳಂತೆ. “ಮೂರ್ಛೆ ರೋಗ ಇದ್ದಂಗೈತೆ ಕಣಮ್ಮ, ಪಾಪ” ಎಂದು ಅಲ್ಲಿದ್ದ ಒಬ್ಬಾಕೆ ಮರುಕದಿಂದಲೇ ಅಂದಳು. ಕೇಡು ಬಗೆದು ಅಂದಿದ್ದರೆ ಬೈದಾದರೂ ಬೈಯಬಹುದಿತ್ತು. ಮಾತು ಅಂಗಳದಿಂದ ಅಂಗಳಕ್ಕೆ ಹೋಯಿತು.

ಹೆಣ್ಣು ಒಪ್ಪಿಗೆಯಾದ ಮೇಲೂ ನಮ್ಮ ಕಡೆ ಒಂದು ಪದ್ಧತಿ ಉಂಟು: ಗಂಡಿನ ಕಡೆಯ ಹಿರಿಯರೊಬ್ಬರು ಗುರುತು ಹೇಳದೆ ಬಂದು ಬೀದಿಯಲ್ಲಿ ವಿಚಾರಿಸುತ್ತಾರೆ. ಹುಡುಗನ ದೊಡ್ಡಪ್ಪ ಹುಣಸೆ ವ್ಯಾಪಾರಿಯ ಸೋಗಿನಲ್ಲಿ ಬಂದು, ಮನೆಮನೆಯ ಹಣ್ಣು ಮೂಸಿ, ಅಕ್ಕನ ವಿಷಯ ಕೇಳಿಕೊಂಡು ಹೋದರು. ಒಬ್ಬರನ್ನೇ ನಂಬದೆ ಹತ್ತು ಜನರನ್ನು ಕೇಳುವುದು ಜಾಣತನ ತಾನೇ? ಆ ಹತ್ತು ಜನರಿಗೂ ಮಾತು ಬಂದದ್ದು ಒಬ್ಬಳಿಂದಲೇ ಎಂಬುದು ಮಾತ್ರ ಆ ಜಾಣರಿಗೆ ತಿಳಿಯಲಿಲ್ಲ.

ಸಂಬಂಧ ಬೇಡವೆಂದು ಅವರು ಹೇಳಿಕಳಿಸಿದಾಗ ಅಪ್ಪ ನನ್ನನ್ನೂ ಕರೆದುಕೊಂಡು ಕಲ್ಯಾಣದುರ್ಗಕ್ಕೆ ಓಡಿದರು. “ಹೊಟ್ಟೆಗಿಲ್ದೆ ಬಿದ್ಲು ಸ್ವಾಮಿ, ಬೇಕಾದ್ರೆ ಡಾಕ್ಟ್ರಿಗೆ ತೋರ್ಸಿ” ಎಂದು ಕೈಮುಗಿದರು. ದೊಡ್ಡಪ್ಪ ನಮಗೆ ಮಜ್ಜಿಗೆ ಕೊಡಿಸಿದರು.

“ನೀವು ಸುಳ್ಳು ಹೇಳ್ತೀರಿ ಅಂತ ನಾನನ್ನಲ್ಲ ಕಣ್ರೀ. ಆದ್ರೆ ನೀವು ಒಬ್ರು. ಅಲ್ಲಿ ಪದಿ ಮಂದೀ ಅದೇ ಚೆಪ್ಪಿನಾರು” ಎಂದು ತೆಲುಗಿನಲ್ಲಿ ಮಾತು ಮುಗಿಸಿದರು. ಹತ್ತೂ ಜನ ಅದನ್ನೇ ಹೇಳಿದ್ದರಂತೆ, ಅವರ ಮುಂದೆ ಅಪ್ಪ ಒಬ್ಬರೇ. ಗೋರಂಟ್ಲದಿಂದ ಕಂಬದೂರಿನವರೆಗೆ ಆಮೇಲೆ ಯಾರೂ ಅಕ್ಕನನ್ನು ಕೇಳಿಕೊಂಡು ಬರಲಿಲ್ಲ.

ಮೊನ್ನೆ ಹೋದದ್ದು ಇದನ್ನೆಲ್ಲ ಅವಳಿಗೆ ತೋರಿಸಲೆಂದೇ. ಅಮ್ಮ ಮನೆಯಲ್ಲಿರಲಿಲ್ಲ. ಲ್ಯಾಪ್‌ಟಾಪು ತೆರೆದು ಒಂದು ಚುಕ್ಕಿಗೆ ಕೆಂಪು ಬಳಿದೆ. ನೋಡುತ್ತಿದ್ದಂತೆ ಪರದೆಯೆಲ್ಲ ಕೆಂಪಾಯಿತು.

“ನೋಡಕ್ಕ, ಎಲ್ರೂ ಹೇಳಿದ್ದು ಒಬ್ಬಳ ಮಾತೇ. ನಿಂಗೇನೂ ಇರ್ಲಿಲ್ಲ.”

ಅಕ್ಕ ಪರದೆಯ ಮೇಲೆ ಬೆರಳಾಡಿಸಿದಳು. “ಅಷ್ಟು ಜನ ಅಂದವ್ರೆ ಅಂದ್ರೆ ಏನೋ ಇರ್ತದೆ ಕಣೋ. ಬಿದ್ದೋಳಿಗೆ ಹೆಂಗೆ ಗೊತ್ತಾಯ್ತದೆ?” ಎಂದಳು. “ಬಾ, ಒಳಗೆ ಕೂತ್ಕೋ, ಕಾಫಿ ಕಾಯಿಸ್ತೀನಿ. ಅಮ್ಮ ಇಲ್ದಾಗ ಒಬ್ಳೇ ಒಲೆ ಹಚ್ಚಲ್ಲ ನಾನು.”

ಅವಳು ಬಿದ್ದದ್ದು ಅದೊಂದೇ ಸಲ. ಇಷ್ಟು ವರ್ಷ ಹೀಗೇ ಹೆದರಿ ಬದುಕಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತೆ. ಅವಳು ಕಡ್ಡಿ ಗೀರಿದಳು.

ಆಗ ನಾನು ನೋಡುತ್ತಿದ್ದದ್ದು ಅವಳ ಕೈಯನ್ನು, ಎಲ್ಲಿ ಮೂರ್ಛೆ ಬಂದು ನಡುಗುತ್ತದೋ ಎಂದು.