ಭತ್ತದ ಮೇಲೆ ಬರೆಸಿದ ಅಕ್ಕೋರು

ಅಕ್ಕೋರ ಪಾದಗಳು ಗಂಡಸರ ಪಾದಗಳಿಗಿಂತ ದೊಡ್ಡವು. ಗಂಗಾವತಿಯ ಬಜಾರದಲ್ಲಿ ಹೆಂಗಸರ ಚಪ್ಪಲಿ ಒಂದೂ ಅವರಿಗೆ ಹಿಡಿಸುತ್ತಿರಲಿಲ್ಲ. ಗಂಡಸರ ರಬ್ಬರ್ ಚಪ್ಪಲಿ ಮೆಟ್ಟಿ, ಸೀರೆಯ ನೆರಿಗೆಯನ್ನು ಗೇಣುದ್ದ ಮೇಲೆತ್ತಿ, ಪಟಪಟ ಸದ್ದು ಮಾಡುತ್ತ ಬರುತ್ತಿದ್ದರು. ಆ ಸದ್ದಿಗೆ ನಮ್ಮ ಓಣಿಯ ಗಂಡಸರು ಬೀಡಿ ಮರೆಮಾಡುತ್ತಿದ್ದರು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಮರಳಿ ಎಂಬ ಹಳ್ಳಿಗೆ ಹೋಗಿ ಅಲ್ಲಿಯ ಮಕ್ಕಳಿಗೆ ಪಾಠ ಹೇಳಿ ಸಂಜೆ ತಿರುಗಿ ಬರುವುದು ಅವರ ನೌಕರಿ. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರೇ. ನನಗೆ ಮಾತ್ರ ಲೋಕದಲ್ಲಿ ಒಬ್ಬರೇ ಅಕ್ಕೋರು.

ನಾನು ಅವರ ಶಾಲೆಯವಳಲ್ಲ, ಊರೊಳಗಿನ ಶಾಲೆಯವಳು. ಎಪ್ಪತ್ತರ ದಶಕದ ಕೊನೆಯ ಮಾತು. ಪುಸ್ತಕ ತೆರೆದರೆ ಅಕ್ಷರಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಈಗ ನೋಡಿದ ‘ನ’ ಮರುಕ್ಷಣ ‘ಸ’ ಆಗುತ್ತಿತ್ತು. ಒತ್ತಕ್ಷರವಂತೂ ಪಕ್ಕದವರ ಕೆಳಗೆ ಹೋಗಿ ಕೂರುತ್ತಿತ್ತು. ಬಾಯಿಪಾಠ ಹೇಳು ಅಂದರೆ ಇಡೀ ಪಾಠ ಒಪ್ಪಿಸುತ್ತಿದ್ದೆ, ಅದನ್ನೇ ಓದು ಅಂದರೆ ಬೆವರುತ್ತಿದ್ದೆ. ಈಗ ಇದಕ್ಕೆ ಡಿಸ್ಲೆಕ್ಸಿಯಾ ಅಂತ ಹೆಸರಿದೆಯಂತೆ. ಆಗಲೂ ಒಂದು ಹೆಸರಿತ್ತು, ದಡ್ಡಿ. ಹಾಜರಿಯಲ್ಲಿ ಬರೆದಿರಲಿಲ್ಲ, ಅಷ್ಟೇ.

ನಮ್ಮ ಓಣಿಯಲ್ಲೇ ಇದ್ದ ಅಕ್ಕೋರು ತಾವಾಗಿಯೇ ನನ್ನನ್ನು ಸಂಜೆ ಪಾಠಕ್ಕೆ ಕೂರಿಸಿಕೊಳ್ಳತೊಡಗಿದರು. ಮೂರು ತಿಂಗಳು ಪಾಟಿಯ ಮೇಲೆ ತಿದ್ದಿಸಿದರು. ಹತ್ತಲಿಲ್ಲ. ಒಂದು ದಿನ ಸಿಟ್ಟು ನೆತ್ತಿಗೇರಿ ಪಾಟಿ ಕಸಿದು ಅಂಗಳಕ್ಕೆ ಎಸೆದರು. ನಾನು ಬೆನ್ನು ಬಗ್ಗಿಸಿ ಏಟಿಗೆ ಕಾಯುತ್ತಿದ್ದೆ. ಅವರು ಹೋಗಿ, ಪಾಟಿ ಎತ್ತಿ, ಸೆರಗಿನಿಂದ ಒರೆಸಿ ತಂದುಕೊಟ್ಟು, “ತಪ್ಪು ನಿಂದಲ್ಲವ್ವ. ನನಗ ಕಲಸಾಕ ಬರವಲ್ದು” ಅಂದರು. ಕಲಿಸುವವರು ಹೀಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ನಮ್ಮವ್ವ ಅಕ್ಕಿಯ ಮಿಲ್ಲಿನಲ್ಲಿ ಕೂಲಿಗೆ ಹೋಗುತ್ತಿದ್ದಳು. ಕುದಿಸಿದ ಭತ್ತವನ್ನು ಸಿಮೆಂಟಿನ ಕಣದ ತುಂಬ ಹರವಿ, ಕಾಲಿನಿಂದ ಸಾಲು ಗೀರುತ್ತ ನಡೆದು ಒಣಗಿಸುವ ಕೆಲಸ. ರವಿವಾರ ನಾನೂ ಹೋಗಿ ಗೀರುತ್ತಿದ್ದೆ. ಅಕ್ಕೋರು ಒಮ್ಮೆ ನುಚ್ಚು ಒಯ್ಯಲು ಬಂದವರು ಕಣದ ಅಂಚಿಗೆ ನಿಂತು ನನ್ನನ್ನು ಬಹಳ ಹೊತ್ತು ನೋಡಿದರು. ಒಂದು ಸಾಲೂ ಸೊಟ್ಟಗಾಗಿರಲಿಲ್ಲ, ಒಂದು ತಿರುವೂ ತಪ್ಪಿರಲಿಲ್ಲ.

ಅವ್ವ ನಾಚಿಕೆಯಿಂದ ಅಂದಳು: “ಇದಕ್ಕ ಇಂಥಾದಷ್ಟ ಬರ್ತೈತ್ರಿ. ವಿದ್ಯಾ ತಲಿಗಿ ಹತ್ತವಲ್ದು.”

“ತಲಿಗಿ ಹತ್ತದಿದ್ರ ಕಾಲಿಗಿ ಹತ್ತಲಿ ಬಿಡು” ಅಂದರು ಅಕ್ಕೋರು. ಚಪ್ಪಲಿ ಬಿಟ್ಟು ಕಣಕ್ಕಿಳಿದು, ತಮ್ಮ ಪಾದದಿಂದ ಎತ್ತಿನ ಬಂಡಿಯಷ್ಟು ದೊಡ್ಡ ‘ನ’ ಗೀರಿ, ನನ್ನನ್ನು ಅದರ ಗುಂಟ ನಡೆಸಿದರು. ಆ ‘ನ’ ಅಲುಗಲಿಲ್ಲ. ನಡೆದಷ್ಟು ಸಲವೂ ‘ನ’ವೇ ಆಗಿತ್ತು. ನಾನು ಕಣದಲ್ಲೇ ಕೂತು ಅತ್ತೆ.

ಮಿಲ್ಲಿನ ಗುಮಾಸ್ತ ಓಡಿ ಬಂದ. “ಅಕ್ಕೋರ, ಇದು ಸಾಲಿ ಅಲ್ರಿ. ನೆಲ್ಲು ಒಣಗಬೇಕು.”

“ಗೀರಿದ್ರ ಒಣಗತೈತಿ ಹೌದಿಲ್ಲೋ? ಅದು ನೆಟ್ಟಗಿದ್ರೇನು, ‘ಅ’ ಆಗಿದ್ರೇನು? ನೆಲ್ಲಿಗಿ ಓದಾಕ ಬರ್ತೈತೇನಪಾ?”

ಗುಮಾಸ್ತನ ಮಾತೂ ಸುಳ್ಳಲ್ಲ. ಮುಂದಿನ ರವಿವಾರ ಅಕ್ಷರಗಳ ಹೊಟ್ಟೆಯೊಳಗಿನ ಭತ್ತವೆಲ್ಲ ಹಸಿ ಉಳಿದು ಅವ್ವನಿಗೆ ಬೈಗುಳ ಬಿತ್ತು. ಅಂದಿನಿಂದ ನಾನು ಬರೆದು ಮುಗಿಸಿದ ಮೇಲೆ ಅಕ್ಕೋರೇ ಕಚ್ಚೆ ಕಟ್ಟಿ ಇಳಿದು, ಕೂಲಿ ಹೆಂಗಸರ ಸಾಲಿನಲ್ಲಿ ಸೇರಿ, ಇಡೀ ಕಣ ಮತ್ತೊಮ್ಮೆ ಗೀರುತ್ತಿದ್ದರು. ಸರಕಾರಿ ನೌಕರಿಯ ಹೆಂಗಸು, ನೆತ್ತಿ ಸುಡುವ ಬಿಸಿಲಲ್ಲಿ, ಎರಡು ವರ್ಷದ ರವಿವಾರಗಳನ್ನು ಹಾಗೆ ಕಳೆದರು.

ಕಣದಿಂದ ಉಸುಕಿಗೆ, ಉಸುಕಿನಿಂದ ಪಾಟಿಗೆ, ಪಾಟಿಯಿಂದ ಹಾಳೆಗೆ ಬಂದೆ. ಬರೆಯುವಾಗ ಕಾಲ ಹೆಬ್ಬೆರಳು ನೆಲದ ಮೇಲೆ ಅದೇ ಅಕ್ಷರ ಗೀರುತ್ತಿರಬೇಕು. ಇಲ್ಲದಿದ್ದರೆ ಎಲ್ಲ ಚೆಲ್ಲಾಪಿಲ್ಲಿ. ಅಷ್ಟರಲ್ಲಿ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆ ಬಂತು. ನಮ್ಮ ಹೆಡ್ ಮಾಸ್ತರರು ನನ್ನನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಅಂದರು. ನಪಾಸಾದರೆ ಶಾಲೆಯ ಫಲಿತಾಂಶ ಕೆಡುತ್ತದೆ ಅನ್ನುವುದು ಅವರ ಚಿಂತೆ. ಕೂರದಿದ್ದರೆ ನನ್ನ ಓದು ಅಲ್ಲಿಗೆ ಮುಗಿಯಿತು, ಮರುದಿನದಿಂದ ಮಿಲ್ಲು.

ಅಕ್ಕೋರು ನನ್ನ ಪರವಾಗಿ ಕೇಳಲು ಮೊದಲ ಸಲ ಹೋದಾಗ ಮಾಸ್ತರರು ಕುರ್ಚಿ ತೋರಿಸಲಿಲ್ಲ. ಎರಡನೆಯ ಸಲ, “ನಿಮ್ಮ ಸಾಲಿ ನೀವು ನೋಡ್ಕೋರಿ ಅಕ್ಕೋರ” ಅಂದರು. ಮೂರನೆಯ ಸಲ ಅಕ್ಕೋರು, “ಒಮ್ಮೆ ಬಂದು ನೋಡ್ರಿ. ಆಮ್ಯಾಲೂ ಒಲ್ಲೆ ಅಂದ್ರ ನಿಮ್ಮ ಬಾಗಲಾ ತುಳಿಯೂದಿಲ್ಲ” ಅಂದರು.

ರವಿವಾರ ಮಾಸ್ತರರು ಕೊಡೆ ಹಿಡಿದು ಮಿಲ್ಲಿಗೆ ಬಂದರು. ಭತ್ತದ ಮೇಲೆ ಬೂಟು ನಡೆಯುವುದಿಲ್ಲವೆಂದು ಕೂಲಿ ಹೆಂಗಸರು ಬಿಚ್ಚಿಸಿದರು. ಕಾದ ಸಿಮೆಂಟಿನ ಮೇಲೆ ಮಾಸ್ತರರು ಕುಣಿಯುವಂತಾಯಿತು. ನಗುವ ಧೈರ್ಯ ಯಾರಿಗೂ ಆಗಲಿಲ್ಲ. ಕೊಡೆಯ ಕೆಳಗಿನಿಂದಲೇ, “ರಾಷ್ಟ್ರಪತಿ ಅಂತ ಬರಿ” ಅಂದರು. ಬೇಕೆಂದೇ ಕಠಿಣ ಶಬ್ದ ಆರಿಸಿದ್ದರು.

ನಾನು ಗೀರತೊಡಗಿದೆ. ‘ಷ್ಟ್ರ’ ಬಂದಾಗ ಹೆಬ್ಬೆರಳು ಊರಿ ನಿಧಾನಕ್ಕೆ ಗೀರಿದೆ. ಅಕ್ಕೋರು ನನ್ನ ಕಡೆ ನೋಡಲೇ ಇಲ್ಲ. ಎರಡೂ ಒತ್ತು ತಮ್ಮ ತಮ್ಮ ಜಾಗದಲ್ಲಿ ಕೂತವು. ಮಾಸ್ತರರು ಕಾಲು ಸುಡುವುದನ್ನೂ ಮರೆತು ಆ ತುದಿಯಿಂದ ಈ ತುದಿಗೆ ನಡೆದು ಓದಿದರು.

“ಏನು ಮಾಡಬೇಕಂತೀರಿ?” ಅಂತ ಕೇಳಿದರು.

“ಬೆಂಚ್ ಬ್ಯಾಡ, ಬರಿಗಾಲಿಲೆ ನೆಲದ ಮ್ಯಾಲ ಕೂಡಲಿ. ಪ್ರಶ್ನಿ ಒಮ್ಮೆ ಜೋರಾಗಿ ಓದಿ ಹೇಳ್ರಿ. ಅರ್ಧ ತಾಸು ಹೆಚ್ಚಿಗಿ ಕೊಡ್ರಿ.”

“ಹೊತ್ತು ನನ್ನ ಕೈಯಾಗಿಲ್ಲ. ಉಳಿದದ್ದು ಮಾಡತೀನಿ.”

ಮಾಡಿದರು. ನಾನು ಪಾಸಾದೆ. ಕನ್ನಡದಲ್ಲಿ ಜಸ್ಟ್ ಪಾಸು. ಮಾಸ್ತರರು ಅಕ್ಕೋರನ್ನು ಹೊಗಳಲು ಬಂದರೆ ಅವರು, “ಬರದಾಕಿ ಅಕಿ. ನನಗ್ಯಾಕ ಹೇಳತೀರಿ?” ಅಂದುಬಿಟ್ಟರು. ಯಾವ ಪುಸ್ತಕದಲ್ಲೂ ಇಲ್ಲದ ಈ ದಾರಿ ನಿಮಗೆ ಹೇಗೆ ತಿಳಿಯಿತು ಎಂದು ದೊಡ್ಡವಳಾದ ಮೇಲೆ ಕೇಳಿದ್ದೆ. “ತಿಳದಿದ್ದಿಲ್ಲ. ನೀ ತೋರಿಸಿದಿ, ನಾ ನೋಡಿದೆ” ಅಂದಿದ್ದರು. ಹಾಗೆ ನೋಡುವ ಕಣ್ಣನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಮ್ಯಾಟ್ರಿಕ್ ಮುಗಿಸಿ, ಮದುವೆಯಾಗಿ ನಾನು ಯಲಬುರ್ಗಿಗೆ ಬಂದೆ. ಅಕ್ಕೋರು ನೌಕರಿ ಮುಗಿಸಿ ಕುಷ್ಟಗಿಯಲ್ಲಿ ತಂಗಿಯ ಮನೆ ಸೇರಿದರು. ಒಂದು ಮಧ್ಯಾಹ್ನ ಅಲ್ಲಿಂದ ಕಾರ್ಡು ಬಂತು. ಕಾಗದ ಬಂದರೆ ನನ್ನ ಯಜಮಾನರು ಓದಿ ಹೇಳುವುದು ನಮ್ಮ ಮನೆಯ ವಾಡಿಕೆ, ನಾನು ಓದಿದರೆ ತಾಸು ಹಿಡಿಯುತ್ತದೆ. ಅವರು ಕೈ ಚಾಚಿದರು. ನಾನು ಕೊಡಲಿಲ್ಲ. ಅಕ್ಷರಗಳು ನನಗೆ ಕಾಣುತ್ತಿದ್ದವು, ಒಂದೊಂದೂ ಹುಣಸೆಬೀಜದಷ್ಟು ದೊಡ್ಡದು, ಬಿಡಿಬಿಡಿ.

ಇದ್ದದ್ದು ನಾಲ್ಕೇ ಸಾಲು. ಎರಡನೆಯ ಸಾಲಿನಲ್ಲೇ ಅಕ್ಕೋರು ತೀರಿಕೊಂಡಿದ್ದರು. ಕಣ್ಣೊರೆಸಿಕೊಂಡು ಮುಂದೆ ಓದಿದೆ. ಕೊನೆಯ ಸಾಲಿನಲ್ಲಿ ಅವರ ತಂಗಿ ಬರೆದಿದ್ದರು: “ಅಕ್ಷರ ದೊಡ್ಡವು ಬರಿ, ಅಕಿ ತಾನಽ ಓದತಾಳ ಅಂತ ಅಕ್ಕ ಹೇಳಿ ಹೋಗ್ಯಾಳ.”