ಬೆಂಕಿಗೆ ಕೊಟ್ಟ ಬಾವುಟ

ಒಹಾಯೋ ನದಿಯ ದಂಡೆಯ ನಮ್ಮ ಸಣ್ಣ ಊರಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದವಳು ಲೊರೀನಾ ಹ್ಯಾಸ್ಕೆಟ್. ನನ್ನನ್ನೂ ಸೇರಿಸಿ ಅರ್ಧ ಊರು ಆಕೆಯ ಕನ್ನಡಿಯ ಕಣ್ಗಾವಲಿನಲ್ಲೇ ಬೆಳೆದದ್ದು. ನಿವೃತ್ತಿಯಾದ ಮೇಲೆ ಹಳೆಯ ಬಾವುಟಗಳನ್ನು ಕೂಡಿಡತೊಡಗಿ, ಬಸ್ಸಿನ ಲೊರೀನಾ ಹೋಗಿ ಬಾವುಟದ ಲೊರೀನಾ ಆದಳು.

ಅಂಗಡಿಯ ಹೊಸ ಬಾವುಟ ಆಕೆಗೆ ಬೇಡ. ಯಾವುದೋ ಅಡುಗೆಮನೆಯಲ್ಲಿ, ಹಾಲು ಉಕ್ಕುವ ನಡುವೆ ಎದ್ದು ಕೂತು ಹೊಲಿದದ್ದು ಬೇಕು. ನದಿಯ ದೋಣಿಯ ಹಿಂದೆ ಹಾರಿ ಅಂಚು ಸವೆದದ್ದು, ಹಳೆಯ ಚುನಾವಣೆಯ ಮೆರವಣಿಗೆಯಲ್ಲಿ ಬೀಸಿದ ರೇಷ್ಮೆ ಕರವಸ್ತ್ರ, ಕೆಂಪು ಬಿಳಿ ನೀಲಿ ಚೂರುಗಳ ಒಂದು ಕೌದಿ. ಯಾವುದನ್ನೂ ಮಡಿಚಿಡುವುದಿಲ್ಲ, ಮಡಿಕೆಯಲ್ಲೇ ಬಟ್ಟೆ ಸೋಲುತ್ತದೆ. ರಟ್ಟಿನ ಕೊಳವೆಗೆ ಸುತ್ತಿ, ದಿಂಬಿನ ಚೀಲ ತೊಡಿಸಿ, ಮಂಚದ ಕೆಳಗೆ ಮಲಗಿಸುತ್ತಾಳೆ.

"ಹೊಲಿದೋಳಿಗೆ ಎಲ್ಲಿ ತೂಕಡಿಕೆ ಬಂತು ಅನ್ನೋದೂ ಇದರಲ್ಲಿ ಗೊತ್ತಾಗುತ್ತೆ" ಎಂದು ಹೊಲಿಗೆಯ ಮೇಲೆ ಬೆರಳಾಡಿಸಿ ಒಮ್ಮೆ ನನಗೆ ತೋರಿಸಿದ್ದಳು.

"ನನಗೆ ತೂಕಡಿಕೆ ಬಂದ್ರೆ ಮಾತ್ರ ಯಾರಿಗೂ ಗೊತ್ತಾಗಲ್ಲ" ಎಂದ ಆಕೆಯ ಗಂಡ ಮೆರ್ಲ್, ಕುರ್ಚಿಯಿಂದಲೇ.

ಹೋದ ಜೂನ್ ತಿಂಗಳಿನ ಬಾವುಟದ ದಿನ. ನಮ್ಮಲ್ಲಿ ಹರಿದ ಬಾವುಟವನ್ನು ಕಸಕ್ಕೆ ಎಸೆಯುವ ಹಾಗಿಲ್ಲ. ಮಾಜಿ ಸೈನಿಕರ ಸಂಘದ ಬಾಗಿಲಲ್ಲಿರುವ ಡಬ್ಬಿಗೆ ಹಾಕುತ್ತೇವೆ. ಬಾವುಟದ ದಿನ ಸಂಘದವರು ಟೊಪ್ಪಿ ತೆಗೆದು, ಒಂದೊಂದನ್ನೇ ಬೆಂಕಿಗೆ ಒಪ್ಪಿಸುತ್ತಾರೆ. ಅದಾದ ಮೇಲೆ ಹುಲ್ಲಿನ ಮೇಲೆ ಎಲ್ಲರಿಗೂ ಊಟ.

ಆಲೂಗಡ್ಡೆ ಸಲಾಡಿನ ಬೋಗುಣಿ ಹಿಡಿದು ಬಂದ ಲೊರೀನಾ ರಾಶಿಯ ಮುಂದೆ ನಿಂತುಬಿಟ್ಟಳು. ಸಂಘದ ಹಿರಿಯ ಡೆಲ್ಬರ್ಟ್ ಕ್ರೌಸ್, ಆಕೆಯ ಜೊತೆಗೆ ಓದಿದವನು, ಬಾವುಟಗಳನ್ನು ಜೋಡಿಸುತ್ತಿದ್ದ.

"ಡೆಲ್ಬರ್ಟ್, ಆ ಮಾಸಿದ್ದು ಸ್ವಲ್ಪ ಬಿಡಿಸು."

"ನುಸಿ ತಿಂದು ಜರಡಿ ಆಗಿದೆ ಕಣೇ. ಇದರಲ್ಲಿ ಹಿಟ್ಟು ಸೋಸ್ತೀಯಾ?"

ಬಿಡಿಸಿದ. ತೆಳು ಉಣ್ಣೆ, ನೀಲಿ ಈಗ ಹೊಗೆಯ ಬಣ್ಣ. ಮೂವತ್ತೇಳು ನಕ್ಷತ್ರಗಳು ಸಾಲಾಗಿ ನಿಂತಿದ್ದವು. ನೀಲಿ ಚೌಕದ ಎಡಗಡೆಯ ಕೆಳಮೂಲೆಯ ಸಂದಿಯಲ್ಲಿ ಇನ್ನೊಂದು, ಓರೆಯಾಗಿ, ಕಾಲು ಮಡಚಿಕೊಂಡ ಹಾಗೆ. ನಮ್ಮ ಬಾವುಟದಲ್ಲಿ ರಾಜ್ಯಕ್ಕೊಂದು ನಕ್ಷತ್ರ. ದೇಶಕ್ಕೆ ಹೊಸ ರಾಜ್ಯ ಸೇರಿದಾಗ ಯಾವಳೋ ಹೊಸ ಬಾವುಟ ಹೊಲಿಯದೆ, ತುಂಬಿದ ಸೀಟಿನಲ್ಲಿ ಮತ್ತೊಂದು ಮಗುವಿಗೆ ಜಾಗ ಮಾಡಿದಂತೆ ಅದನ್ನು ಕೂರಿಸಿದ್ದಳು.

"ಇದನ್ನ ಸುಡಬೇಡ" ಎಂದಳು ಲೊರೀನಾ. ದನಿ ಸಣ್ಣದಾಗಿತ್ತು.

"ಡಬ್ಬಿಗೆ ಬಿದ್ದದ್ದು ಬೆಂಕಿಗೆ ಕೊಟ್ಟ ಹಾಗೆ. ಇವತ್ತು ನಿನಗೊಂದು ಕೊಟ್ರೆ, ನಾಳೆ ಸಂಘದವ್ರು ಒಳ್ಳೇದನ್ನೆಲ್ಲ ಆರಿಸಿ ಹಂಚ್ಕೋತಾರೆ ಅಂತಾರೆ. ಆಮೇಲೆ ಯಾರು ನಂಬಿ ತಂದು ಹಾಕ್ತಾರೆ, ಹೇಳು?"

ಅವನು ಹೇಳಿದ್ದು ಸರಿಯೆಂದು ಆಕೆಗೆ ಗೊತ್ತಿತ್ತು.

"ಹಾಕಿದವರೇ ಬಂದು ವಾಪಸ್ ಕೇಳಿದ್ರೆ?"

"ಅವರದ್ದು ಅವರಿಗೆ. ಇದನ್ನ ಕೊನೇಗೆ ಇಡ್ತೀನಿ. ಅಷ್ಟರೊಳಗೆ ಹುಡುಕ್ಕೋ ಹೋಗು."

ಬೋಗುಣಿ ಕೆಳಗಿಡುವುದನ್ನೂ ಮರೆತು ಲೊರೀನಾ ಜನರ ನಡುವೆ ನುಗ್ಗಿದಳು. ಹಿಂದೆ ಬೆಂಕಿ ಹೊತ್ತಿತು.

"ಏಯ್, ಡಬ್ಬಿಗೆ ಉಣ್ಣೆ ಬಾವುಟ ಹಾಕಿದ್ದು ಯಾರು?" ಅದು ಬಸ್ಸಿನ ದನಿ. ಗಡ್ಡ ಬಂದವರೂ ನೆಟ್ಟಗೆ ಕೂತರು.

"ನಾನಲ್ಲ ಮಿಸ್, ನಾನು ಹಿಂದಿನ ಸೀಟಲ್ಲಿದ್ದೆ" ಎಂದ ಒಬ್ಬ. ಸುತ್ತಲಿದ್ದವರು ನಕ್ಕರು, ಆಕೆ ನಗಲಿಲ್ಲ.

ಹಾಟ್‌ಡಾಗ್ ಬಾಯಲ್ಲಿಟ್ಟುಕೊಂಡಿದ್ದ ವೇಡ್ ಟಾಲಿವರ್ ಮೆಲ್ಲಗೆ ಕೈ ಎತ್ತಿದ. "ಅಜ್ಜಿ ಅಟ್ಟ ಖಾಲಿ ಮಾಡು ಅಂದ್ರು. ಬಾವುಟಾನ ಕಸಕ್ಕೆ ಹಾಕಬಾರ್ದು ಅಂತ ಬಸ್ಸಲ್ಲಿ ನೀವೇ ತಾನೆ ಹೇಳಿದ್ದು, ಮಿಸ್ ಲೊರೀನಾ?"

ಆಕೆ ಅವನ ಅಜ್ಜಿಯ ಕಡೆ ಓಡಿದಳು.

ಅವನ ಅಜ್ಜಿ ಇಮೋಜೀನ್ ಮೇಪಲ್ ಮರದ ಕೆಳಗೆ ಮಡಚುವ ಕುರ್ಚಿಯಲ್ಲಿ ನಿಂಬೆ ಪಾನಕ ಹೀರುತ್ತಿದ್ದಳು.

"ಅದಾ? ಸುಡಲಿ ಬಿಡು" ಎಂದಳು, ವಿಷಯ ಕೇಳಿ. "ನಮ್ಮತ್ತೆಯ ಅಜ್ಜಿ ಹೊಲಿದದ್ದಂತೆ. ನನಗೆ ಹೊಲಿಗೆ ಬರಲ್ಲ ಅಂತ ಹಂಗಿಸಬೇಕಾದ್ರೆಲ್ಲ ಅತ್ತೆ ಅದನ್ನ ಬಿಚ್ಚಿ ತೋರಿಸೋರು. ನೋಡು, ನಮ್ಮನೆ ಹೆಂಗಸರ ಕೈ ಹೀಗಿತ್ತು, ಒಂದು ಎಳೆ ಆಚೀಚೆ ಆಗ್ತಿರಲಿಲ್ಲ, ಅಂತ. ಅವರು ಹೋದ ದಿನವೇ ಅಟ್ಟಕ್ಕೆ ಹಾಕಿದೆ."

ಹಳೆ ಸಾಮಾನು ಕೊಳ್ಳಲು ಹೋದಾಗ ಲೊರೀನಾ ಬಾವುಟದ ಕಡೆ ನೋಡುವುದೇ ಇಲ್ಲ. ತುಕ್ಕು ಹಿಡಿದ ಕೆಟಲ್ಲಿಗೆ ಚೌಕಾಸಿ ಮಾಡುತ್ತಾಳೆ. ಆಸೆ ಕಂಡರೆ ಮಾಲೀಕರು ಬಿಗಿಯಾಗುತ್ತಾರೆ. ಆ ದಿನ ಆ ಜಾಣತನವೆಲ್ಲ ಎಲ್ಲಿ ಹೋಯಿತೋ. ಹುಲ್ಲಿನ ಮೇಲೆ ಮಂಡಿಯೂರಿದಳು.

"ಸುಡೋಕೆ ಬಿಡಬೇಡಿ, ಇಮೋಜೀನ್. ಅದರ ಮೂಲೇಲಿ ಒಂದು ನಕ್ಷತ್ರ ಇದೆ. ಜಾಗ ಸಾಲದೆ ಸೊಟ್ಟಗೆ ತುರುಕಿದ್ದಾರೆ. ಅಂಥದ್ದು ನಾನು ಎಲ್ಲೂ ನೋಡಿಲ್ಲ."

ಅಜ್ಜಿಯ ಲೋಟ ತುಟಿಯ ಹತ್ತಿರವೇ ನಿಂತಿತು. "ಏನಂದೆ? ಸೊಟ್ಟಗಾ?"

"ಪೂರ್ತಿ ಸೊಟ್ಟಗೆ."

"ವೇಡ್, ನನ್ನ ಕೋಲು ಕೊಡೋ."

ನಾವೆಲ್ಲ ದಾರಿ ಬಿಟ್ಟೆವು. ಡೆಲ್ಬರ್ಟ್ ಕೊನೆಯ ಬಾವುಟವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಾಗಿತ್ತು.

"ಅದು ನಂದು. ಕೊಡಪ್ಪ ಇಲ್ಲಿ" ಎಂದಳು ಇಮೋಜೀನ್.

ಅವನು ಒಂದು ಕ್ಷಣ ಲೊರೀನಾಳ ಕಡೆ ನೋಡಿ, ಅಜ್ಜಿಯ ತೋಳಿನ ಮೇಲೆ ಅದನ್ನು ಹರಡಿದ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಮೂಲೆ ಹುಡುಕಿದಳು. ನಗು ಮೊದಲು ಭುಜದಲ್ಲಿ ಶುರುವಾಯಿತು.

"ಯಾವಾಗಲೂ ಈ ಮೂಲೇನ ಮುಷ್ಟೀಲಿ ಹಿಡ್ಕೊಂಡೇ ತೋರಿಸೋರು ನಮ್ಮತ್ತೆ. ಬಟ್ಟೆ ಗಾಳಿಗೆ ಹಾರಬಾರ್ದು ಅಂತ ಇರಬೇಕು ಅಂದ್ಕೊಂಡಿದ್ದೆ ನಾನು." ಕಣ್ಣೀರು ಬರುವಷ್ಟು ನಕ್ಕಳು. ಆಮೇಲೆ ಆ ನಕ್ಷತ್ರದ ಮೇಲೆ ಬೆರಳಿಟ್ಟು, "ಪಾಪ, ಹೊಲಿದ ಆ ಅಜ್ಜಿಗೂ ಸಾಕಾಗಿತ್ತೇನೋ" ಎಂದಳು.

ಲೊರೀನಾ ಕಾಯುತ್ತ ನಿಂತಿದ್ದಳು.

"ನಿನಗೆ ಬೇಕು, ಅಲ್ವಾ?"

"ಬೇಕು."

"ಕೊಡಲ್ಲ. ಊಟದ ಕೋಣೇಲಿ ಹಾಕ್ತೀನಿ, ಅತ್ತೆ ಫೋಟೋಗೆ ಎದುರಾಗಿ."

ಲೊರೀನಾಳ ಮುಖದಲ್ಲಿ ಏನೋ ಇಳಿದು, ಮತ್ತೇನೋ ಏರಿತು. "ಹಾಗೇ ಮೊಳೆ ಹೊಡೆದ್ರೆ ತನ್ನ ಭಾರಕ್ಕೇ ಹರಿಯುತ್ತೆ. ಹಿಂದೆ ಬಟ್ಟೆ ಕೊಟ್ಟು ಹೊಲೀಬೇಕು. ನಾನೇ ಬರ್ತೀನಿ."

"ಬಾ. ಚೆರ್ರಿ ಪೈ ಮಾಡಿರ್ತೀನಿ. ಆದ್ರೆ ಆ ನಕ್ಷತ್ರಾನ ನೆಟ್ಟಗೆ ಮಾಡೋಕೆ ಹೋಗಬೇಡ."

ಸಂಜೆ ಬೆಳಕಿನಲ್ಲಿ ಮನೆಗೆ ನಡೆಯುವಾಗ ನಾನೂ ಲೊರೀನಾ ದಂಪತಿಯ ಜೊತೆಗಿದ್ದೆ. ಮೆರ್ಲ್ ಖಾಲಿ ಬೋಗುಣಿ ಹಿಡಿದಿದ್ದ.

"ಸಿಕ್ತಾ?" ಎಂದು ಕೇಳಿದ.

"ಉಳೀತು" ಎಂದಳು ಲೊರೀನಾ.

"ನಾನು ಕೇಳಿದ್ದು ಅದಲ್ಲ."

"ಗೊತ್ತು" ಎಂದು, ಅವನ ತೋಳು ತಟ್ಟಿ, ನಮ್ಮಿಬ್ಬರಿಗಿಂತ ಚುರುಕಾಗಿ ನಡೆದಳು.